ಕೊಬ್ಬಿದ ಕರು ಮತ್ತು ಔತಣದ ಅತಿಥಿಗಳು: ಅಬ್ಬೆ ದುಬುವಾ ಅವರ ಪತ್ರಗಳ ಮರುಓದು

ಮೈಸೂರು ಸೀಮೆಯ ಜನರಿಂದ ‘ದೊಡ್ಡಸ್ವಾಮಿ’ ಎಂದು ಕರೆಸಿಕೊಂಡ ಫ್ರೆಂಚ್ ಯಾಜಕ ಅಬ್ಬೆ ದುಬುವಾ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತು ಬರೆದ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಈ ನಾಡಿನವರು ನಿಜವಾದ ಕ್ರೈಸ್ತರಾಗುವುದು ಅಸಾಧ್ಯ, ಬೈಬಲನ್ನು ದೇಶಭಾಷೆಗಳಿಗೆ ತರುವುದರಿಂದಲೂ ಪ್ರಯೋಜನವಿಲ್ಲ ಎಂಬುದು ಅವುಗಳ ತೀರ್ಮಾನ. ಪ್ರಾಟೆಸ್ಟೆಂಟ್ ಮಿಷನರಿಗಳು ಮರುವರ್ಷವೇ ಉತ್ತರ ಬರೆದರು. ನಾವು ಈ ಕೃತಿಯನ್ನು ನಿರಾಶೆಯ ಗ್ರಂಥವೆಂದು ಬದಿಗಿರಿಸುವುದುಂಟು. ಆದರೆ ಅದರ ದೋಷ ನಿರಾಶೆಯಲ್ಲಿಲ್ಲ, ಎಣಿಕೆಯ ಕ್ರಮದಲ್ಲಿದೆ.

25 ವರ್ಷಗಳ ಸೇವೆಯಲ್ಲಿ ತಾವು ಕ್ರೈಸ್ತರನ್ನಾಗಿಸಿದ್ದು 200ರಿಂದ 300 ಮಂದಿಯನ್ನು ಮಾತ್ರ ಎಂದು ದುಬುವಾ ಲೆಕ್ಕ ಒಪ್ಪಿಸುತ್ತಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಆಗ ಪರಯರೆಂದು ಕರೆಯಲ್ಪಡುತ್ತಿದ್ದವರು ಮತ್ತು ಭಿಕ್ಷುಕರು; ಉಳಿದವರು ದಿಕ್ಕಿಲ್ಲದ ಅಲೆಮಾರಿಗಳು, ಕುಲದಿಂದ ಹೊರಬಿದ್ದವರು. ಈ ವಿವರವನ್ನು ಅವರು ವೈಫಲ್ಯದ ಸಾಕ್ಷ್ಯವಾಗಿ ಮುಂದಿಡುತ್ತಾರೆ. ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಮನೆಯೊಡೆಯನು ಬೀದಿಬೀದಿಗೆ ಆಳನ್ನಟ್ಟಿ ಕರೆಸಿದ್ದು ಇಂಥವರನ್ನೇ ಅಲ್ಲವೇ? ಔತಣಶಾಲೆ ತುಂಬುತ್ತಿರುವಾಗ ಅದನ್ನು ಬರಿದೆಂದು ಬರೆದಿಟ್ಟ ಲೆಕ್ಕಿಗನಂತೆ ಇಲ್ಲಿ ದುಬುವಾ ಕಾಣುತ್ತಾರೆ.

ಪತ್ರಗಳಲ್ಲಿ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸುವ ಪ್ರಸಂಗ ಮತ್ತೊಂದಿದೆ. ಒಮ್ಮೆ ಅವರು ದುಂದುಗಾರ ಮಗನ ಸಾಮತಿಯ ಮೇಲೆ ಪ್ರಬೋಧನೆ ಮಾಡಿದರು. ಬಳಿಕ ಕೆಲವು ಕ್ರೈಸ್ತರು ಬಂದು, ಕೊಬ್ಬಿದ ಕರುವಿನ ಮಾತು ಉಚಿತವಾಗಲಿಲ್ಲ, ಅನ್ಯಧರ್ಮೀಯರು ಕೇಳಿದ್ದರೆ ನಮ್ಮನ್ನು ಹೀನಕುಲದವರೆಂದೇ ತಿಳಿಯುತ್ತಿದ್ದರು, ಮುಂದೆ ಕರುವಿನ ಬದಲು ಕುರಿಮರಿ ಎನ್ನಿರಿ ಎಂದು ಸಲಹೆಯಿತ್ತರು. ಶುಭಸಂದೇಶವನ್ನು ಈ ಮಣ್ಣು ತಾಳಿಕೊಳ್ಳದು ಎಂಬುದಕ್ಕೆ ದುಬುವಾ ಇದನ್ನು ನಿದರ್ಶನವಾಗಿಸಿಕೊಂಡರು. ನಮ್ಮ ಓದು ಬೇರೆ. ತನ್ನ ಊಟ ಸಹೋದರನಿಗೆ ಎಡರಾಗುವುದಾದರೆ ತಾನು ಮಾಂಸವನ್ನೇ ಮುಟ್ಟೆನೆಂದ ಪೌಲನ ನಿಲುವಿಗೆ (1 ಕೊರಿಂಥ 8:13) ಆ ಸಲಹೆಯ ಒಂದು ಮುಖ ಹತ್ತಿರವಾಗಿದೆ. ಸಾಮತಿಯ ಜೀವಾಳವೂ ಕರುವಲ್ಲ, ಮಗ ಇನ್ನೂ ದೂರದಲ್ಲಿರುವಾಗಲೇ ಓಡಿಬಂದ ತಂದೆ. ಆದರೆ ಇನ್ನೊಂದು ಮುಖವನ್ನು ಮರೆಮಾಚಲಾಗದು. ಆ ಭಕ್ತರಿಗೆ ನೆರೆಯವನ ಮನನೋಯುವ ಚಿಂತೆಗಿಂತ ತಾವು ಪರಯರೆನಿಸಿಕೊಳ್ಳುವ ಭಯ ದೊಡ್ಡದಾಗಿತ್ತು. ಕರುವಿನ ಜಾಗಕ್ಕೆ ಕುರಿಮರಿ ಬಂದರೂ ಅವರು ಹಿರಿಯ ಮಗನಂತೆ ಹೊರಗೇ ನಿಂತಿದ್ದರು. ಇದು ದುಬುವಾ ಅವರ ಕಣ್ಣಿಗೆ ಬೀಳಲಿಲ್ಲ. ಪರಯರನ್ನು ಕೆಳಗಿಟ್ಟು ಎಣಿಸುವುದರಲ್ಲಿ ಅವರೂ ತಮ್ಮ ಸಭೆಯವರಂತೆಯೇ ಇದ್ದರು.

ಲೇಖಕ ದುಬುವಾ ಅವರನ್ನು ಖಂಡಿಸುವುದಕ್ಕೆ ಯಾಜಕ ದುಬುವಾ ಅವರೇ ಸಾಕು. ಟಿಪ್ಪುವಿನ ಕಾಲದಲ್ಲಿ ಮತ ಬದಲಿಸಬೇಕಾಗಿ ಬಂದ ಕ್ರೈಸ್ತರನ್ನು ಧೈರ್ಯಹೀನರೆಂದು ಪತ್ರಗಳು ಕಟುವಾಗಿ ಹಳಿಯುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಹೋಗಿ, ಅವರನ್ನು ಮರಳಿ ಧರ್ಮಸಭೆಗೆ ಬರಮಾಡಿಕೊಂಡವರು ಮಾತ್ರ ಇದೇ ದುಬುವಾ. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರು ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಲು ದುಡಿದರು. (ಆ ಲಸಿಕೆಯ ಮೂಲ ಗೋಸಿಡುಬು, ಪ್ರಬೋಧನೆಯಲ್ಲಿ ಒಲ್ಲದ ಕರು ತೋಳಿನ ಮೇಲೆ ಒಪ್ಪಿತವಾದದ್ದನ್ನು ಅವರು ಗಮನಿಸಿದ್ದರೇನೋ!) ಈ ಯಾವುದಕ್ಕೂ ಅವರ ದೈವಶಾಸ್ತ್ರದಲ್ಲಿ ಸ್ಥಾನವಿಲ್ಲ. ಪ್ರೀತಿಯ ಕಾರ್ಯ ಅವರಿಗೆ ವಿಶ್ವಾಸದ ಅಂಚಿನ ಉಪಕಾರವಾಗಿತ್ತೇ ಹೊರತು ವಿಶ್ವಾಸದ ತಿರುಳಾಗಿರಲಿಲ್ಲ. ಯೇಸುವಾದರೋ ತಮ್ಮ ಶಿಷ್ಯರಿಗೆ ಕೊಟ್ಟ ಗುರುತು ಪರಸ್ಪರ ಪ್ರೀತಿಯೊಂದೇ (ಯೊವಾನ್ನ 13:35).

ಹಾವೇರಿ ಜಿಲ್ಲೆಯಲ್ಲಿ ಕ್ರೈಸ್ತರು ವಿರಳ. ಹಾನಗಲ್ ತಾಲ್ಲೂಕಿನ ಆಡೂರಿನಂತಹ ಊರಿಗೆ ನೇಮಕಗೊಳ್ಳುವ ಯುವಯಾಜಕ ವರ್ಷಾಂತ್ಯದ ವರದಿಯಲ್ಲಿ ದೀಕ್ಷಾಸ್ನಾನದ ಅಂಕಣದೆದುರು ಸೊನ್ನೆ ಬರೆಯಬೇಕಾದೀತು. ಆಗ ದುಬುವಾ ಅವರ ಬೇಸರ ಅವನಿಗೂ ತಟ್ಟೀತು. ನೆರೆಯ ಶಿಗ್ಗಾವಿ ಸೀಮೆಯ ಜನ ಶಿಶುನಾಳ ಷರೀಫರನ್ನೂ ಅವರನ್ನು ಶಿಷ್ಯನಾಗಿ ಸ್ವೀಕರಿಸಿದ ಗೋವಿಂದಭಟ್ಟರನ್ನೂ ಇಂದಿಗೂ ಒಟ್ಟಿಗೆ ನೆನೆಯುತ್ತಾರೆ. ಅಂಥ ನಾಡಿನಲ್ಲಿ ಊರವರು ಹೊಸ ಗುರುವಿನಲ್ಲಿ ಮೊದಲು ಗಮನಿಸುವುದು, ಅವನು ಯಾವ ಕೇರಿಗೆ ಹೋಗುತ್ತಾನೆ, ಯಾರ ಮನೆಯಲ್ಲಿ ನೀರು ಕುಡಿಯುತ್ತಾನೆ ಎಂಬುದನ್ನು.