ಮೊತ್ತದ ಪಂಥಕ್ಕೆ ಸೇಯರ್ಸ್ ಕೊಡುವ ಉತ್ತರ

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ರನ್ನಿಂಗ್ ಬ್ಯಾಕ್‌ಗಳ ಪೈಕಿ ಯಾರು ಓಹಾಯೊ ರಾಜ್ಯದ ಕ್ಯಾಂಟನ್ ನಗರದ ಹಾಲ್ ಆಫ್ ಫೇಮ್ ಸೇರುತ್ತಾರೆಂಬ ಚರ್ಚೆ, ಅವರು ಇನ್ನೂ ಆಡುತ್ತಿರುವಾಗಲೇ ಪ್ರತಿ ಋತುವಿನಲ್ಲೂ ಏಳುತ್ತದೆ. ನಿವೃತ್ತಿಯ ಬಳಿಕ ಐದು ಋತುಗಳು ಕಳೆಯಬೇಕು, ಆಯ್ಕೆ ಸಮಿತಿಯ ಶೇ 80ರಷ್ಟು ಮತ ಬೇಕು ಎಂಬ ನಿಯಮಗಳಿರುವುದರಿಂದ ಇದು ಅವಸರದ ಚರ್ಚೆಯೆಂದು ತೋರಬಹುದು. ಆದರೆ ಅಳತೆಗೋಲು ಯಾವುದೆಂದು ಈಗಲೇ ವಿಚಾರಮಾಡದಿದ್ದರೆ, ವೃತ್ತಿಜೀವನದಲ್ಲಿ ಓಡಿದ ಗಜಗಳ ಒಟ್ಟು ಮೊತ್ತವನ್ನೇ ಪರಮ ಪ್ರಮಾಣವೆಂದು ಬಗೆಯುವ ಪಂಥ ಮತ್ತೆ ಗೆಲ್ಲುತ್ತದೆ.

ಡೆರಿಕ್ ಹೆನ್ರಿ ಅವರ ವಿಷಯದಲ್ಲಿ ಯಾವ ಪಂಥಕ್ಕೂ ತಕರಾರು ಇರಲಾರದು. 2020ರಲ್ಲಿ ಟೆನೆಸಿ ಟೈಟನ್ಸ್ ಪರವಾಗಿ 2,027 ಗಜ ಓಡಿದ ಅವರು, ಈ ಸ್ಥಾನದ ಬಹುತೇಕ ಆಟಗಾರರ ಕಸುವು ಕುಗ್ಗುವ ಮೂವತ್ತರ ವಯಸ್ಸಿನಲ್ಲಿ, 2024ರಲ್ಲಿ, ಬಾಲ್ಟಿಮೋರ್ ರೇವನ್ಸ್ ಪರವಾಗಿ 1,921 ಗಜ ಓಡಿದರು.

ಕ್ರಿಶ್ಚಿಯನ್ ಮೆಕ್ಯಾಫ್ರಿ ಅವರ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. 2019ರ ಒಂದೇ ಋತುವಿನಲ್ಲಿ ಓಟದಿಂದಲೂ, ಪಾಸ್ ಹಿಡಿಯುವುದರಿಂದಲೂ ತಲಾ ಸಾವಿರಕ್ಕೂ ಹೆಚ್ಚು ಗಜ ಗಳಿಸಿದ ಅವರಿಗಿಂತ ಮೊದಲು ಆ ಸಾಧನೆ ಮಾಡಿದವರು 1985ರಲ್ಲಿ ರೋಜರ್ ಕ್ರೇಗ್ ಮತ್ತು 1999ರಲ್ಲಿ ಮಾರ್ಷಲ್ ಫಾಕ್ ಇಬ್ಬರೇ. ಓಟದ ಗಜಗಳನ್ನಷ್ಟೇ ಎಣಿಸುವವರಿಗೆ ಇಂಥ ಆಟದ ಅರ್ಧಭಾಗ ಕಾಣುವುದೇ ಇಲ್ಲ. ಈ ಮಾದರಿಗೆ ದಾರಿ ತೋರಿದ ಕ್ರೇಗ್ ನಿವೃತ್ತರಾಗಿ ದಶಕಗಳು ಉರುಳಿದರೂ ಹೊರಗೇ ಕಾಯಬೇಕಾದುದು ಅನ್ಯಾಯ.

ಸೇಕ್ವಾನ್ ಬಾರ್ಕ್‌ಲಿ 2024ರಲ್ಲಿ 2,005 ಗಜ ಓಡಿ, ಫಿಲಡೆಲ್ಫಿಯಾ ಈಗಲ್ಸ್ ತಂಡದೊಂದಿಗೆ ಸೂಪರ್ ಬೌಲ್ ಗೆದ್ದರು. ಅಷ್ಟರಿಂದಲೇ ಬಾಗಿಲು ತೆರೆಯುವುದಿಲ್ಲ. 2003ರಲ್ಲಿ ಜಮಾಲ್ ಲೂಯಿಸ್, 2009ರಲ್ಲಿ ಕ್ರಿಸ್ ಜಾನ್ಸನ್ ಇದೇ ಗಡಿ ದಾಟಿದ್ದರೂ ಅವರಿಗೆ ಆ ಗೌರವ ಒಲಿಯಲಿಲ್ಲ. ಒಟ್ಟು 7,607 ಗಜಗಳಷ್ಟೇ ಓಡಿದ ಟೆರೆಲ್ ಡೇವಿಸ್ 2017ರಲ್ಲಿ ಆಯ್ಕೆಯಾದುದು, ಅವರ ಔನ್ನತ್ಯ ಒಂದು ಋತುವಿಗೆ ಮುಗಿಯದೆ ಹಲವು ಋತುಗಳ ಕಾಲ ನಿಂತುದರಿಂದ. ಬಾರ್ಕ್‌ಲಿ ಇನ್ನೂ ಗಳಿಸಬೇಕಾದುದು ಈ ಸಾತತ್ಯವನ್ನೇ.

ಮೊತ್ತದ ಪಂಥಕ್ಕೆ ಅಂತಿಮ ಉತ್ತರವಿರುವುದು ಗೇಲ್ ಸೇಯರ್ಸ್ ಅವರ ಆಟದಲ್ಲಿ. 1965ರ ಡಿಸೆಂಬರ್ 12ರಂದು ಷಿಕಾಗೊದ ರಿಗ್ಲಿ ಫೀಲ್ಡ್‌ನ ಕೆಸರಿನಲ್ಲಿ ಉಳಿದವರು ಕಾಲೂರಲು ಹೆಣಗುತ್ತಿದ್ದಾಗ, ಬೇರ್ಸ್ ತಂಡದ ಆ ಹೊಸಬ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ವಿರುದ್ಧ ಆರು ಟಚ್‌ಡೌನ್, ಅಂದರೆ ಗಡಿರೇಖೆ ದಾಟಿ ಪಡೆಯುವ ಅಂಕ, ಗಳಿಸಿದರು. ಮೊದಲನೆಯದು ಗಿಡ್ಡ ಪಾಸೊಂದನ್ನು ಹಿಡಿದು 80 ಗಜ ಓಡಿದ್ದು. ನಡುವಿನ ನಾಲ್ಕು ನೇರ ಓಟದಿಂದ ಬಂದವು. ಕೊನೆಯದು ಎದುರಾಳಿ ದೂರಕ್ಕೆ ಒದ್ದ ಚೆಂಡನ್ನು ಹಿಡಿದು 85 ಗಜ ಹಿಂದಿರುಗಿ ತಂದದ್ದು. ಪೂರ್ಣ ವೇಗದಲ್ಲಿರುವಾಗಲೇ ದಿಕ್ಕು ಬದಲಿಸುವ ಆ ಕಲೆಯನ್ನು ಮಂಡಿಯ ಗಾಯಗಳು ಬೇಗನೆ ಕಸಿದುಕೊಂಡವು. 68 ಪಂದ್ಯಗಳಲ್ಲಿ 4,956 ಗಜಗಳಿಗೆ ಅವರ ಓಟ ನಿಂತುಹೋಯಿತು. ಆದರೂ 1977ರಲ್ಲಿ, 34ರ ಹರೆಯದಲ್ಲಿ, ಕ್ಯಾಂಟನ್ ಅವರನ್ನು ಬರಮಾಡಿಕೊಂಡಿತು.

ಇಷ್ಟು ಅಲ್ಪ ಮೊತ್ತದಲ್ಲೂ ಮಹತ್ತನ್ನು ಗುರುತಿಸಿದ ಸಂಸ್ಥೆಗೆ, ಮೆಕ್ಯಾಫ್ರಿ ಅವರಿಂದ ಹತ್ತು ಸಾವಿರ ಓಟದ ಗಜಗಳನ್ನು ಕೇಳುವ ನೈತಿಕ ಅಧಿಕಾರವಿಲ್ಲ.