ಚಪ್ಪಾಳೆ ಬಿದ್ದದ್ದು ಯಾವುದಕ್ಕೆ?

ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಕಂಪನಿ ತನ್ನ ವರ್ಚುವಲೈಸೇಶನ್ ತಂತ್ರಾಂಶದ 9ನೇ ಆವೃತ್ತಿಯನ್ನು 2025ರ ಆಗಸ್ಟ್ 5ರಂದು ಬಿಡುಗಡೆ ಮಾಡಿತು. ಅದಕ್ಕೆ ತಳಹದಿಯಾದ ಡೆಬಿಯನ್ 13 ಲಿನಕ್ಸ್ ಅಧಿಕೃತವಾಗಿ ಬಂದದ್ದು ಅದಾಗಿ ನಾಲ್ಕು ದಿನಕ್ಕೆ! ಇದರ ಪ್ರತಿಸ್ಪರ್ಧಿ ವಿಎಂವೇರನ್ನು ಬ್ರಾಡ್‌ಕಾಮ್ ಕಂಪನಿ ಕೊಂಡ ಮೇಲೆ ಲೈಸೆನ್ಸ್ ಬಿಲ್ ನೋಡಿ ಕಂಗಾಲಾದವರ ಕಣ್ಣೆಲ್ಲ ಇದರ ಮೇಲಿತ್ತು.

ಅವರಿಗೆ ತೋರಿಸಿದ ದೊಡ್ಡ ಆಮಿಷ ಸ್ನ್ಯಾಪ್‌ಶಾಟ್, ಅಂದರೆ ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸೌಲಭ್ಯ. ಹಲವು ಸರ್ವರ್‌ಗಳು ಹಂಚಿಕೊಳ್ಳುವ ಸ್ಯಾನ್ ಸ್ಟೋರೇಜ್ ಮೇಲೆ, ಎಲ್‌ವಿಎಂ ಬಳಸಿದರೂ, ಇನ್ನು ಮುಂದೆ ಸ್ನ್ಯಾಪ್‌ಶಾಟ್ ತೆಗೆಯಬಹುದು ಎಂಬುದು ಘೋಷಣೆ. ವಿಮರ್ಶಕರು ಕೊಂಡಾಡಿದ್ದೂ ಇದನ್ನೇ.

ಒಳಗೆ ಇಣುಕಿದರೆ ಸಂಗತಿ ಬೇರೆ. ಸ್ನ್ಯಾಪ್‌ಶಾಟ್ ತೆಗೆದಾಗ ಹಳೆಯ ವಾಲ್ಯೂಮ್ ಅಲ್ಲಿಗೇ ನಿಲ್ಲುತ್ತದೆ. ಅದರ ಮೇಲೆ ಹೊಸತೊಂದು ಕೂರುತ್ತದೆ, ಮುಂದಿನ ಬರವಣಿಗೆಯೆಲ್ಲ ಅದರೊಳಗೆ. ಒಂದರ ಮೇಲೊಂದು ಸರಪಳಿಯಾಗಿಸುವ ಈ ಉಪಾಯ ಜಾಣತನದ್ದೇ. ಆದರೆ ಹೊಸ ವಾಲ್ಯೂಮ್ ಬದಲಾವಣೆಯಷ್ಟೇ ಜಾಗ ಹಿಡಿಯುವುದಿಲ್ಲ, ಇಡೀ ಡಿಸ್ಕಿನಷ್ಟು ಜಾಗವನ್ನು ಮೊದಲೇ ಕಾದಿರಿಸುತ್ತದೆ. 100 ಜಿಬಿ ಡಿಸ್ಕಿಗೆ ಮೂರು ಸ್ನ್ಯಾಪ್‌ಶಾಟ್ ತೆಗೆದರೆ 400 ಜಿಬಿ ಹೋಯಿತು. ವಿಎಂವೇರ್‌ನಲ್ಲಿ ಸ್ನ್ಯಾಪ್‌ಶಾಟ್ ಕಡತ ಸಣ್ಣದಾಗಿ ಹುಟ್ಟಿ ಬೇಕಾದಂತೆ ಬೆಳೆಯುತ್ತದೆ; ಅದಕ್ಕೆ ಒಗ್ಗಿದ ಅಡ್ಮಿನ್ ಸ್ಟೋರೇಜ್ ತುಂಬಿದ ದಿನ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಸಾಲದ್ದಕ್ಕೆ ಡಿಸ್ಕ್ ಕ್ಯೂಕೌ2 ಮಾದರಿಯಲ್ಲೇ ಇರಬೇಕು. ಹಳೆಯ ರಾ ಡಿಸ್ಕುಗಳು ತಾವಾಗಿ ಬದಲಾಗುವುದಿಲ್ಲ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ ಇದ್ದ ಯಂತ್ರಗಳಿಗೆ ಈ ಸೌಲಭ್ಯ ದಕ್ಕಿದ್ದು 9.1ರಲ್ಲಿ. 9.0ರಲ್ಲಿ ಈ ಸ್ನ್ಯಾಪ್‌ಶಾಟ್ ವ್ಯವಸ್ಥೆಯೇ 'ತಾಂತ್ರಿಕ ಮುನ್ನೋಟ' ಮಾತ್ರ ಎಂದು ಕಂಪನಿಯೇ ಬರೆದುಕೊಂಡಿದೆ. ಕಂಪನಿಗೆ ಇದ್ದ ಸಂಕೋಚ ವಿಮರ್ಶಕರಿಗೆ ಇರಲಿಲ್ಲ.

ಈ ವಿಮರ್ಶಕರೊಂದಿಗೆ ನನ್ನ ಜಗಳವಿರುವುದೂ ಇಲ್ಲೇ. ಮನೆಯ ಖಾಲಿ ಕಂಪ್ಯೂಟರಿನಲ್ಲಿ ಹತ್ತು ನಿಮಿಷದಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿ, ವೆಬ್ ಪರದೆ ತೆರೆದು, ತೀರ್ಪು ಕೊಟ್ಟುಬಿಡುತ್ತಾರೆ. ಕಳೆದುಕೊಳ್ಳಲು ಏನೂ ಇಲ್ಲದ ಯಂತ್ರದಲ್ಲಿ ಯಾವ ಆವೃತ್ತಿಯೂ ಚೆನ್ನಾಗಿಯೇ ಓಡುತ್ತದೆ. ಪರೀಕ್ಷೆ ಇರುವುದು ಓಡುತ್ತಿರುವ ಕ್ಲಸ್ಟರನ್ನು 8.4ರಿಂದ ಮೇಲೆತ್ತುವಾಗ.

ಅಲ್ಲಿ ನೆರವಿಗೆ ಬರುವುದು ಯಾರೂ ಹೊಗಳದ 'ಪಿವಿಇ8ಟು9' ಎಂಬ ಸ್ಕ್ರಿಪ್ಟ್. ಅದು ತಪಾಸಣೆ ಮಾಡಿ ವರದಿ ಕೊಡುತ್ತದೆ, ತಾನಾಗಿ ಏನನ್ನೂ ಮುಟ್ಟುವುದಿಲ್ಲ. ಸಿಸ್ಟಂಡಿ-ಬೂಟ್ ಎಂಬ ಪ್ಯಾಕೇಜ್ ಉಳಿದಿದ್ದರೆ ಸರ್ವರ್ ಮತ್ತೆ ಏಳದಿರಬಹುದು ಎಂದು ಮೊದಲೇ ಎಚ್ಚರಿಸುತ್ತದೆ. ಸೆಂಟ್‌ಓಎಸ್ 7ರಂಥ ಹಳೆಯ ಕಂಟೇನರುಗಳನ್ನೂ ಅದು ಹುಡುಕುತ್ತದೆ; ಅವು 9ರಲ್ಲಿ ನಡೆಯುವುದಿಲ್ಲ. ಗ್ಲಸ್ಟರ್‌ಎಫ್‌ಎಸ್ ಎಂಬ ಸ್ಟೋರೇಜ್‌ಗಿದ್ದ ಬೆಂಬಲವನ್ನೂ ಈ ಆವೃತ್ತಿ ಕೈಬಿಟ್ಟಿದೆ. ಇಂಥ ಕೆಟ್ಟ ಸುದ್ದಿಯನ್ನು ಮುಂಚಿತವಾಗಿ ಹೇಳುವ ಪ್ರಾಮಾಣಿಕತೆಯೇ ಈ ಆವೃತ್ತಿಯ ನಿಜವಾದ ಸಾಧನೆ.

ಹಾಗೆಂದು 9ನೇ ಆವೃತ್ತಿ ಕೆಟ್ಟದ್ದಲ್ಲ. ಝಡ್‌ಎಫ್‌ಎಸ್ ರೇಡ್ ಗುಂಪಿಗೆ ಡಿಸ್ಕ್ ಸೇರಿಸುವ ಅವಕಾಶವೊಂದೇ ಸಣ್ಣ ಕಚೇರಿಗಳಿಗೆ ಸಾಕಷ್ಟಾಯಿತು. ಆದರೆ ಸ್ನ್ಯಾಪ್‌ಶಾಟನ್ನು ನಂಬಿ ಸ್ಯಾನ್ ಸಮೇತ ವಲಸೆ ಹೊರಟವರು ಜಾಗದ ಲೆಕ್ಕ ಹಾಕದೆ ಹೊರಡಬಾರದು. 8ನೇ ಆವೃತ್ತಿಯಲ್ಲಿ ಇರುವವರು ಮೊದಲು ಆ ಸ್ಕ್ರಿಪ್ಟ್ ಓಡಿಸಿ, ಅದರ ಎಚ್ಚರಿಕೆಗಳನ್ನು ಒಂದೊಂದಾಗಿ ಓದಲಿ. 8ಕ್ಕೆ ಬೆಂಬಲ ಇರುವುದು 2026ರ ಆಗಸ್ಟ್‌ವರೆಗೆ.