ಬೊಗಸೆಗೆ ಬೀಳುವ ಅಕ್ಷರ

ಪ್ರಕೃತಿಯಿಂದ ಪ್ರೇರಣೆ ಪಡೆದ ಅಕ್ಷರ ವಿನ್ಯಾಸ ಎಂದೊಡನೆ ನಮ್ಮವರ ಕೈ ಬಳ್ಳಿಯ ಕಡೆಗೇ ಹೋಗುತ್ತದೆ. ‘ಕ’ಕ್ಕೆ ಎರಡು ಎಲೆ, ತಲೆಕಟ್ಟಿನ ತುದಿಗೊಂದು ಮೊಗ್ಗು. ಮದುವೆ ಪತ್ರಿಕೆಗೆ ಅಷ್ಟು ಸಾಕು. ಅಕ್ಷರಕ್ಕೆ ಎಲೆ ಅಂಟಿಸುವುದು ಬೇರೆ, ಅಕ್ಷರವೇ ಎಲೆಯಂತೆ ಉದುರುವುದು ಬೇರೆ. ನಾನು ಮನಸೋತಿರುವುದು ಎರಡನೆಯದಕ್ಕೆ.

ಈ ಜಾತಿಯ ಕೃತಿಗಳಲ್ಲಿ ನನ್ನ ಮೊದಲ ಮಣೆ ‘ಟೆಕ್ಸ್ಟ್ ರೇನ್’ಗೆ. ಕ್ಯಾಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಚಿಟುವ್ ಸೇರಿ 1999ರಲ್ಲಿ ಮಾಡಿದ್ದು. ಎದುರಿಗೆ ದೊಡ್ಡ ಪರದೆ, ಅದರಲ್ಲಿ ನೋಡುಗರದೇ ಕಪ್ಪುಬಿಳುಪು ಬಿಂಬ. ಮೇಲಿನಿಂದ ಬಣ್ಣದ ಇಂಗ್ಲಿಷ್ ಅಕ್ಷರಗಳು ಹನಿಹನಿಯಾಗಿ ಇಳಿಯುತ್ತವೆ. ತಲೆಯ ಮೇಲೆ ಬಿದ್ದದ್ದು ಅಲ್ಲೇ ಕೂರುತ್ತದೆ. ಕೈ ಚಾಚಿದರೆ ತೋಳಿನುದ್ದಕ್ಕೂ ಸಾಲುಗಟ್ಟುತ್ತದೆ. ಕೈ ತೆಗೆದರೆ ಮತ್ತೆ ಜಾರುತ್ತದೆ. ಉದುರುವುದು ಎವನ್ ಝಿಮ್ರಾತ್ ಅವರ ಕವಿತೆ. ಓದಬೇಕೆಂದರೆ ಹಿಡಿಯಲೇಬೇಕು. ಒಬ್ಬರ ತೋಳಿಗೆ ಒಂದೆರಡು ಪದ ದಕ್ಕೀತು. ಇನ್ನಷ್ಟು ಬೇಕೆನ್ನುವವರು ಪಕ್ಕದವರನ್ನು ಕರೆದು ದುಪ್ಪಟ್ಟದ ತುದಿ ಹಿಡಿಸಬೇಕು. ಗುರುತಿಲ್ಲದ ಇಬ್ಬರನ್ನು ಒಂದು ಸಾಲಿಗಾಗಿ ಜತೆಗೂಡಿಸುವ ಕವಿಗೋಷ್ಠಿ ಎಲ್ಲಿದೆ, ಹೇಳಿ!

ಒಳಗಿನ ಲೆಕ್ಕ ಬಲು ಸರಳ. ಕ್ಯಾಮೆರಾ ಚಿತ್ರದಲ್ಲಿ ಒಂದು ಮಿತಿಗಿಂತ ಕಪ್ಪಾಗಿ ಕಂಡದ್ದೆಲ್ಲ ಅಕ್ಷರಕ್ಕೆ ನೆಲ. ಹಾಗಾಗಿ ಹಿಂದಿನ ಗೋಡೆ ಬೆಳ್ಳಗಿರಬೇಕು, ಬೆಳಕು ಎಲ್ಲ ಕಡೆ ಒಂದೇ ಸಮ ಬೀಳಬೇಕು. ಗೋಡೆಯ ಮೇಲೆ ಗಾಢ ನೆರಳು ಬಿತ್ತೋ, ಅಕ್ಷರ ಅದರ ಮೇಲೂ ಕೂತುಬಿಡುತ್ತದೆ. ಪ್ರದರ್ಶನ ವಿನ್ಯಾಸಕರ ಅರ್ಧ ಕೆಲಸ ಈ ದೀಪದ ಜೋಡಣೆಯಲ್ಲೇ ಇದೆ. ಸೂಚನಾ ಫಲಕ ಬೇಡವೇ ಬೇಡ. ಮಳೆಗೆ ಕೈಯೊಡ್ಡುವುದನ್ನು ಯಾವ ಮಗುವಿಗೆ ಕಲಿಸಬೇಕು?

ಜರ್ಮನಿಯ ಜೂಲಿಯಸ್ ಪೊಪ್ ಅವರ ‘ಬಿಟ್.ಫಾಲ್’ನಲ್ಲಿ ನಿಜವಾದ ನೀರೇ ಬೀಳುತ್ತದೆ. ಟಾಸ್ಮೇನಿಯಾದ ಮೋನಾ ಮ್ಯೂಸಿಯಂನಲ್ಲಿ ಅದಿದೆ. ಕಂಪ್ಯೂಟರಿನ ಅಪ್ಪಣೆಯಂತೆ ವಾಲ್ವ್‌ಗಳು ತೆರೆದು ಮುಚ್ಚಿ, ಅಂತರ್ಜಾಲದ ಸುದ್ದಿಗಳಿಂದ ಹೆಕ್ಕಿದ ಪದಗಳನ್ನು ಹನಿಗಳಲ್ಲೇ ಮೂಡಿಸುತ್ತವೆ. ಓದಿ ಮುಗಿಸುವಷ್ಟರಲ್ಲಿ ಪದ ಮಾಯ. ನೋಡುಗರಿಗೆ ಇಲ್ಲಿ ಕೆಲಸವಿಲ್ಲ, ಅದೊಂದು ಕೊರತೆಯೇ. ಜಪಾನಿನ ಟೀಮ್‌ಲ್ಯಾಬ್ 2011ರಲ್ಲಿ ಕ್ಯಾಲಿಗ್ರಫಿ ಕಲಾವಿದೆ ಶಿಶೂ ಜತೆ ಮಾಡಿದ ಕೃತಿಯಲ್ಲಿ, ಗೋಡೆಯಲ್ಲಿಳಿಯುವ ಲಿಪಿಯನ್ನು ಮುಟ್ಟಿದರೆ ಅದು ಹೆಸರಿಸುವ ವಸ್ತುವೇ ಎದ್ದು ಬರುತ್ತದೆ. ಸೊಗಸಿದೆ, ಆದರೆ ನನ್ನ ನಾಲಿಗೆಗೆ ಸಕ್ಕರೆ ಕೊಂಚ ಹೆಚ್ಚು.

ಇದನ್ನೇ ಕನ್ನಡದಲ್ಲಿ ಮಾಡಹೊರಟರೆ ತೊಡಕು ಬೇರೆ. ‘ಪ್ರಕೃತಿ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ 7 ಸಂಕೇತ. ಸಂಕೇತ ಎಣಿಸಿ ಉದುರಿಸಿದರೆ ವಟ್ರಸುಳಿ ಒಂದು ಕಡೆ, ಗುಡಿಸು ಇನ್ನೊಂದು ಕಡೆ ಚೆಲ್ಲಾಪಿಲ್ಲಿ. ಮೇಲಾಗಿ ಒತ್ತು ಕೆಳಗೆ ತೂಗುತ್ತದೆ. ತೋಳಿಗೆ ಮೊದಲು ತಾಗುವುದು ಅದೇ ಆದ್ದರಿಂದ ‘ಪ್ರ’ ಕೊನೆಯ ‘ತಿ’ಗಿಂತ ಎತ್ತರದಲ್ಲಿ ನಿಂತು ಸಾಲು ಡೊಂಕಾಗುತ್ತದೆ. ಅಕ್ಷರವನ್ನು ಇಡಿಯಾಗಿ ಬೀಳಿಸಿ, ಒತ್ತನ್ನು ಬಿಟ್ಟು ಮೂಲ ಅಕ್ಷರದ ಅಡಿಗೆರೆಗೆ ನಿಲ್ಲಿಸಬೇಕು. ಸಮ್ಮೇಳನದ ಮಂಟಪಕ್ಕೋ ಗ್ರಂಥಾಲಯದ ಪಡಸಾಲೆಗೋ ಇಂಥದ್ದನ್ನು ಮಾಡುವ ಹುರುಪಿನ ಹುಡುಗ ಹುಡುಗಿಯರು ದಯವಿಟ್ಟು ಮೊದಲು ಈ ಲೆಕ್ಕ ಸರಿಮಾಡಿಕೊಳ್ಳಿ. ಬಣ್ಣದ ಮಾತು ಆಮೇಲೆ.